ಜೈಲಿನಲ್ಲಿ ನೂರಕ್ಕೆ ನಾಲ್ಕೇ ಹೆಂಗಸರು, ಯಾಕೆ?

2025ರ ಮಾರ್ಚಿನಲ್ಲಿ ಮೀರತ್‌ನಿಂದ ನೀಲಿ ಡ್ರಮ್ಮಿನ ಸುದ್ದಿ ಬಂತು. ಹೆಂಡತಿ ಮತ್ತು ಅವಳ ಗೆಳೆಯ ಸೇರಿ ಗಂಡನನ್ನು ಕೊಂದು ಡ್ರಮ್ಮಿನಲ್ಲಿ ಮುಚ್ಚಿಟ್ಟರು ಎಂಬುದು ಆರೋಪ. ಜೂನ್ ಹೊತ್ತಿಗೆ ಮೇಘಾಲಯದ ಹನಿಮೂನ್ ಕೇಸು, ಹನಿಮೂನಿಗೆ ಹೋದಲ್ಲಿ ಹೆಂಡತಿಯೇ ಗಂಡನನ್ನು ಕೊಲ್ಲಿಸಿದಳು ಎಂಬ ಆರೋಪ. ಆಮೇಲೆ ಕೆಲವು ವಾರ ಎಲ್ಲರ ಫೋನಿನಲ್ಲೂ ಅದೇ ವಿಡಿಯೋ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಹಿರಿಯರೊಬ್ಬರು ಪಕ್ಕದವರಿಗೆ, 'ಈಗ ಗಂಡಸರೇ ಹೆದರಬೇಕಾಗೇತಿ ನೋಡ್ರಿ' ಅಂದರು.

ಅದಕ್ಕೂ ಒಂದು ವರ್ಷ ಹಿಂದೆ, 2024ರ ಏಪ್ರಿಲ್-ಮೇ ತಿಂಗಳಲ್ಲಿ, ಇದೇ ಬಸ್ಸಿನ ಮಾತು ಬೇರೆಯೇ ಇತ್ತು. ಒಂದು ತಿಂಗಳೊಳಗೆ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾಗಿತ್ತು. ಒಬ್ಬಳು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳು ತನ್ನ ಮನೆಯಲ್ಲೇ. ಆಗ ಎಲ್ಲರ ಬಾಯಲ್ಲೂ 'ಹೆಣ್ಣುಮಕ್ಕಳನ್ನ ಹೊರಗ ಕಳಸೋದು ಹೆಂಗ' ಎಂಬ ಪ್ರಶ್ನೆ.

ಹಾಗಾದರೆ ಅಪರಾಧ ಮಾಡುವವರು ಯಾರು, ಅದಕ್ಕೆ ಬಲಿಯಾಗುವವರು ಯಾರು? ಪೊಲೀಸರು, ಕೋರ್ಟು ಹೆಣ್ಣು-ಗಂಡು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆಯೇ? ಸಮಾಜಶಾಸ್ತ್ರದವರು ಈ ಪ್ರಶ್ನೆಯ ಬೆನ್ನು ಹತ್ತಿ ನೂರು ವರ್ಷದ ಮೇಲಾಯಿತು. ಅವರು ಕಂಡುಕೊಂಡದ್ದನ್ನು ನಮ್ಮ ಊರಿನ ಬದುಕಿನ ಜೊತೆ ಇಟ್ಟು ನೋಡೋಣ.

ಮೊದಲು ಒಂದು ಪದ

ಹೆಣ್ಣಾಗಿ, ಗಂಡಾಗಿ ಹುಟ್ಟುವುದು ದೇಹದ ವಿಷಯ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಅಂತ ಕಲಿಸುವುದು ಸಮಾಜ. ಈ ಎರಡನೆಯದಕ್ಕೆ ಸಮಾಜಶಾಸ್ತ್ರದಲ್ಲಿ 'ಜೆಂಡರ್' ಅನ್ನುತ್ತಾರೆ, ಕನ್ನಡದಲ್ಲಿ ಲಿಂಗತ್ವ. ರೊಟ್ಟಿ ಬಡಿಯುವ ಕೈ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಅಲ್ವಾ? ಹತ್ತು-ಹನ್ನೆರಡು ವರ್ಷಕ್ಕೇ ಹುಡುಗಿಯನ್ನು ಒಲೆ ಮುಂದೆ ಕೂರಿಸುತ್ತೇವೆ, ಅವಳ ಅಣ್ಣನನ್ನು ಕೂರಿಸುವುದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ 'ಹೆಂಗಸರಿಗೆ ಅಡುಗೆ ತಾನಾಗೇ ಬರುತ್ತೆ' ಅನ್ನುತ್ತೇವೆ. ಅಪರಾಧದ ವಿಷಯದಲ್ಲೂ ಹೀಗೇ ಏನಾದರೂ ನಡೆದಿದೆಯೇ ಎಂಬುದು ಅವರ ಮೂಲ ಪ್ರಶ್ನೆ.

ಅಂಕಿಗಳು ಹೇಳುವುದು, ಹೇಳದಿರುವುದು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಜೈಲುಗಳ ಲೆಕ್ಕ ಕೊಡುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ ಹೆಂಗಸರು 23,772. ಅಂದರೆ ನೂರಕ್ಕೆ ನಾಲ್ಕು. ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಜಗತ್ತಿನ ಎಲ್ಲಾ ಜೈಲು ಸೇರಿಸಿದರೂ ಹೆಂಗಸರ ಪಾಲು ನೂರಕ್ಕೆ ಸುಮಾರು ಏಳು. ಕೊಲೆ ಕೇಸಿನಲ್ಲಿ ಸಿಕ್ಕಿಬೀಳುವ ಶಂಕಿತರಲ್ಲಿ ನೂರಕ್ಕೆ 90 ಗಂಡಸರು ಎಂದು ವಿಶ್ವಸಂಸ್ಥೆಯ 2019ರ ವರದಿ ಹೇಳಿತ್ತು.

ಇಷ್ಟು ಕೇಳಿದರೆ ಬಸ್ಸಿನ ಹಿರಿಯರ ಮಾತಿಗೆ ಬುಡವಿಲ್ಲ ಅನ್ನಿಸುತ್ತದೆ. ಡ್ರಮ್ಮಿನ ಕೇಸು ಅಷ್ಟು ದೊಡ್ಡ ಸುದ್ದಿಯಾದದ್ದೇ ಅಂಥದ್ದು ಅಪರೂಪ ಎಂಬ ಕಾರಣಕ್ಕೆ. ಗಂಡ ಹೆಂಡತಿಯನ್ನು ಕೊಂದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಆದರೆ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ಬ್ಯಾಡಗಿ ಮಾರುಕಟ್ಟೆಗೆ ಬಂದ ಮೆಣಸಿನಕಾಯಿಯಷ್ಟೇ ತೂಕಕ್ಕೆ ಸಿಗುತ್ತದೆ. ರೈತನ ಮನೆಯಲ್ಲೇ ಉಳಿದ ಚೀಲ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಅಪರಾಧದ ಲೆಕ್ಕವೂ ಹಾಗೇ. ಠಾಣೆಗೆ ಬಂದದ್ದು, ಪೊಲೀಸರು ಬರೆದುಕೊಂಡದ್ದು ಮಾತ್ರ ಅದರಲ್ಲಿ ಇರುತ್ತದೆ.

ಉಳಿದದ್ದು ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಉದಾಹರಣೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದರು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಏಟು ತಿಂದಿದ್ದೇವೆ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂದರು. ದೇಶದ ಸರಾಸರಿ 29. ಇನ್ನೊಂದು ಅಂಕಿಯನ್ನೂ ಇದರ ಜೊತೆ ಓದಿ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತವರಿನವರ ಮುಂದೆಯೂ.

ಮೈಯಲ್ಲೇ ಇದೆ ಅಂದವರು

ಮೊದಮೊದಲು ಇದಕ್ಕೆ ಕಾರಣವನ್ನು ದೇಹದಲ್ಲಿ ಹುಡುಕಿದರು. ಇಟಲಿಯ ಚೆಸಾರೆ ಲೊಂಬ್ರೋಸೋ ಎಂಬ ವೈದ್ಯ ಜೈಲಿನಲ್ಲಿದ್ದವರ ತಲೆಬುರುಡೆ, ದವಡೆ, ಹಣೆ ಅಳೆದ. ಕೆಲವರು ಹುಟ್ಟಾ ಅಪರಾಧಿಗಳು, ಅದು ಅವರ ಮುಖದಲ್ಲೇ ಕಾಣುತ್ತದೆ ಅಂದ. 1893ರಲ್ಲಿ, ಮುಂದೆ ತನ್ನ ಅಳಿಯನಾದ ಫೆರೆರೋ ಜೊತೆ ಸೇರಿ ಹೆಂಗಸರ ಬಗ್ಗೆಯೂ ಹೀಗೇ ಬರೆದ. ಹೆಣ್ಣು ಸ್ವಭಾವದಿಂದ ಅಪರಾಧಕ್ಕೆ ಇಳಿಯುವವಳಲ್ಲ, ಇಳಿದರೆ ಅವಳು ಗಂಡಿಗಿಂತ ಕ್ರೂರಿ, ಅವಳಲ್ಲಿ ಹೆಣ್ತನವೇ ಕಮ್ಮಿ ಎಂಬುದು ಅವನ ವಾದ. ಆ ಅಳತೆಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ 'ಹೆಂಗಸಾಗಿ ಹಿಂಗ ಮಾಡಿದಳಲ್ಲ' ಅನ್ನುವ ನಮ್ಮ ಉದ್ಗಾರದಲ್ಲಿ ಆ ವಾದ ಇನ್ನೂ ಬದುಕಿದೆ.

ಹುಟ್ಟಿನಲ್ಲೇ ಅಪರಾಧ ಇದೆ ಅನ್ನುವ ನಂಬಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಹುಬ್ಬಳ್ಳಿಯವರು ಬೇರೆ ಕಡೆ ಹುಡುಕಬೇಕಿಲ್ಲ. ನಾವು ಇವತ್ತಿಗೂ 'ಸೆಟ್ಲಮೆಂಟ್' ಅಂತ ಕರೆಯುವ ಬಡಾವಣೆ ಇದೆಯಲ್ಲ, ಅದರ ಹೆಸರು ಬಂದದ್ದೇ ಹಾಗೆ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿ ಬುಡಕಟ್ಟು ಎಂದು ಪಟ್ಟಿ ಮಾಡುವ ಕಾಯ್ದೆ ತಂದರು. ಮುಂದೆ ಅದು ಮುಂಬೈ ಪ್ರಾಂತ್ಯಕ್ಕೂ ಬಂತು. ಆಗ ನಮ್ಮ ಭಾಗ ಆ ಪ್ರಾಂತ್ಯದಲ್ಲಿತ್ತು. ಜನರನ್ನು ಒಂದು ಕಡೆ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಏನೂ ಮಾಡದ ಹೆಂಗಸರು, ಮಕ್ಕಳು ಕೂಡ ಸಂಸಾರ ಸಮೇತ ಅದರೊಳಗೆ ಬದುಕಿದರು. 1952ರಲ್ಲಿ ಕಾಯ್ದೆ ಹೋಯಿತು. ಹೆಸರು ಉಳಿಯಿತು. ಪೊಲೀಸರ ಕಣ್ಣು ಯಾರ ಮೇಲೆ ಬೀಳುತ್ತದೋ ಅವರೇ ಲೆಕ್ಕದಲ್ಲಿ ಜಾಸ್ತಿ ಕಾಣುತ್ತಾರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ನವನಗರದಿಂದ ಜುಬಿಲಿ ಸರ್ಕಲ್‌ವರೆಗೆ ನಾಲ್ಕು ಫೋನು

ಒಂದು ಸಂಜೆ ಏಳೂವರೆ ಹೊತ್ತಿಗೆ ಧಾರವಾಡಕ್ಕೆ ಹೊರಟಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗಿ, ಮಡಿಲಲ್ಲಿ ಬ್ಯಾಗು. ನವನಗರದಲ್ಲಿ ಅವಳಿಗೆ ಮೊದಲ ಫೋನು. 'ಹೂಂ ಮಮ್ಮಿ, ಬಸ್ಸಿನ್ಯಾಗ ಅದೀನಿ.' ಸತ್ತೂರಿನಲ್ಲಿ ಅಪ್ಪನದು. ಟೋಲ್‌ ನಾಕಾದಲ್ಲಿ ಮತ್ತೆ ಅಮ್ಮ. ಜುಬಿಲಿ ಸರ್ಕಲ್‌ನಲ್ಲಿ ಇಳಿಯುವಾಗ ಅಣ್ಣ. ಅವನೇ ಎಲ್ಲೋ ಹೊರಗಿದ್ದ ಅಂತ ಕಾಣುತ್ತದೆ, ಗಾಡಿಗಳ ಹಾರ್ನು ನನಗೂ ಕೇಳುತ್ತಿತ್ತು. 'ನೀ ಎಲ್ಲಿದ್ದೀಯೋ?' ಅಂತ ಅವಳು ಕೇಳಿದಳು. ಅವನು ಏನೋ ಹೇಳಿ ನಕ್ಕ. ಅವನಿಗೆ ಯಾರೂ ಫೋನು ಮಾಡಿರಲಿಲ್ಲ ಅಂತ ನನ್ನ ಊಹೆ.

ಈ ನಾಲ್ಕು ಫೋನು ಕರೆಗಳ ಸುತ್ತಲೇ ಒಂದು ದೊಡ್ಡ ವಿವರಣೆ ನಿಂತಿದೆ. ಅದಕ್ಕೆ ನಿಯಂತ್ರಣ ಸಿದ್ಧಾಂತ ಅನ್ನುತ್ತಾರೆ. ಸಾಮಾನ್ಯವಾಗಿ ನಾವು 'ಜನ ಯಾಕೆ ತಪ್ಪು ಮಾಡುತ್ತಾರೆ?' ಅಂತ ಕೇಳುತ್ತೇವೆ. ಅಮೆರಿಕದ ಟ್ರಾವಿಸ್ ಹಿರ್ಷಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಬಹಳ ಜನ ಯಾಕೆ ತಪ್ಪು ಮಾಡುವುದಿಲ್ಲ? ಕಟ್ಟಿಹಾಕುವ ಹಗ್ಗಗಳಿವೆ, ಅದಕ್ಕೆ. ತಂದೆತಾಯಿ, ಶಾಲೆ, ಕೆಲಸ, ಕಳೆದುಕೊಳ್ಳಲು ಒಂದಷ್ಟು ಮರ್ಯಾದೆ.

ಬ್ರಿಟನ್ನಿನ ಫ್ರಾನ್ಸಿಸ್ ಹೈಡೆನ್‌ಸೋನ್ 1985ರಲ್ಲಿ ಇದನ್ನೇ ಹೆಂಗಸರಿಗೆ ಹಚ್ಚಿ ನೋಡಿದರು. ಹೆಣ್ಣಿನ ಮೇಲೆ ಮೂರು ಕಡೆಯಿಂದ ಹಗ್ಗ ಬಿಗಿದಿದೆ ಅಂದರು. ಮನೆ, ಬೀದಿ, ಕೆಲಸದ ಜಾಗ.

ಮನೆಯಲ್ಲಿ ಮೊದಲನೆಯದಾಗಿ ಹೊತ್ತೇ ಸಿಗುವುದಿಲ್ಲ. 2019ರಲ್ಲಿ ಭಾರತ ಸರ್ಕಾರ ಜನರು ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 97 ನಿಮಿಷ. ಹೆಂಗಸರದು ಹತ್ತಿರ ಹತ್ತಿರ ಐದು ತಾಸು. ಜಗಳ, ಜೂಜು, ಕಳವು, ಎಲ್ಲಕ್ಕೂ ಮನೆಯ ಹೊರಗೆ ಸುಮ್ನೆ ಅಡ್ಡಾಡುವ ಹೊತ್ತು ಬೇಕು. ಆ ಹೊತ್ತು ಇರುವುದು ಯಾರಿಗೆ?

ಬೀದಿಯಲ್ಲಿ ಭಯ. ಅದಕ್ಕಿಂತ ಜಾಸ್ತಿ, 'ನಾಲ್ಕು ಮಂದಿ ಏನಂದಾರು' ಎಂಬ ಅಂಜಿಕೆ. ರಾತ್ರಿ ಹತ್ತಕ್ಕೆ ಚಹಾದಂಗಡಿ ಮುಂದೆ ನಿಂತ ಹುಡುಗನಿಗೆ ಯಾರೂ ಹೆಸರಿಡುವುದಿಲ್ಲ. ಹುಡುಗಿ ಹತ್ತು ನಿಮಿಷ ನಿಂತರೆ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರುತ್ತದೆ. ಕೆಲಸದ ಜಾಗದಲ್ಲಿ ಮೇಲಿನ ಕುರ್ಚಿ, ಹಣದ ಚೀಲ ಎರಡೂ ಸಾಮಾನ್ಯವಾಗಿ ಗಂಡಸರ ಕೈಯಲ್ಲಿ. ಕೋಟಿಗಟ್ಟಲೆ ಗುಳುಂ ಮಾಡಬೇಕಾದರೂ ಮೊದಲು ಆ ಕುರ್ಚಿ ಸಿಗಬೇಕಲ್ಲ.

ಕೆನಡಾದ ಜಾನ್ ಹೇಗನ್ 1980ರ ದಶಕದಲ್ಲಿ ಇನ್ನೊಂದು ಮಾತು ಸೇರಿಸಿದರು. ಅಪ್ಪನ ಮಾತೇ ನಡೆಯುವ ಮನೆಯಲ್ಲಿ ಮಗಳ ಮೇಲೆ ಕಾವಲು ಜಾಸ್ತಿ, ಮಗನಿಗೆ ಸಡಿಲ. ಅಂಥ ಕಡೆ ಅಣ್ಣ-ತಂಗಿಯರ ಪುಂಡಾಟದಲ್ಲಿ ಅಂತರ ದೊಡ್ಡದು. ಅಪ್ಪ-ಅಮ್ಮ ಸಮಸಮ ಇರುವ ಮನೆಯಲ್ಲಿ ಅಂತರ ಕಮ್ಮಿ. ಹೆಣ್ಣಿನ ಸ್ವಭಾವವೇ ಮೆತ್ತಗಿದ್ದರೆ ಎಲ್ಲಾ ಮನೆಯಲ್ಲೂ ಅಂತರ ಒಂದೇ ಇರಬೇಕಿತ್ತು. ನನಗೆ ಈ ವಾದ ಬಹಳ ಗಟ್ಟಿ ಅನ್ನಿಸುತ್ತದೆ. ಬಸ್ಸಿನ ಹುಡುಗಿಯ ಮನೆಯವರನ್ನು ದೂರಲಿಕ್ಕೆ ಇದನ್ನು ಹೇಳುತ್ತಿಲ್ಲ. 2024ರ ಬೇಸಿಗೆ ನೆನಪಿರುವ ಯಾವ ತಾಯಿಯೂ ಫೋನು ಮಾಡದೆ ಇರುವುದಿಲ್ಲ.

ಹಾಗಾದರೆ ಹಗ್ಗ ಬಿಚ್ಚಿದರೆ?

ಹೆಂಗಸರಿಗೆ ಓದು, ಕೆಲಸ, ಸ್ವಾತಂತ್ರ್ಯ ಬಂದರೆ ಅಪರಾಧದಲ್ಲೂ ಗಂಡಸರ ಸಮಕ್ಕೆ ಬರುತ್ತಾರೆಯೇ? 1975ರಲ್ಲಿ ಅಮೆರಿಕದ ಫ್ರೀಡಾ ಆ್ಯಡ್ಲರ್ ಹೌದು ಅಂದರು. ಬಸ್ಸಿನ ಹಿರಿಯರ ಮಾತಿನ ಒಳಗಿರುವ ವಾದವೂ ಇದೇ. ಆದರೆ ಜೈಲಿನಲ್ಲಿ ಇರುವವರನ್ನು ನೋಡಿದರೆ ಅದು ಸರಿಹೊಂದುವುದಿಲ್ಲ. ಸ್ವಾತಂತ್ರ್ಯದ ಲಾಭ ಪಡೆದ ಓದಿದ, ಸಂಬಳದ ಹೆಂಗಸರು ಅಲ್ಲಿಲ್ಲ. ಇರುವವರು ಬಡವರು. ನಮ್ಮ ದೇಶದ ಕೈದಿಗಳಲ್ಲೂ ಹತ್ತನೇ ತರಗತಿ ದಾಟದವರೇ ಜಾಸ್ತಿ.

ಬ್ರಿಟನ್ನಿನ ಪ್ಯಾಟ್ ಕಾರ್ಲೆನ್ ಶಿಕ್ಷೆಯಾದ 39 ಬಡ ಹೆಂಗಸರನ್ನು ಕೂರಿಸಿಕೊಂಡು ಅವರ ಬದುಕನ್ನು ಕೇಳಿದರು. 1988ರಲ್ಲಿ ಅದು ಹೊರಬಂತು. ಅವರು ಹೇಳುವುದು ಹೀಗೆ. ಸಮಾಜ ಹೆಣ್ಣಿಗೆ ಎರಡು ಮಾತು ಕೊಡುತ್ತದೆ. ದುಡಿದರೆ ಹೊಟ್ಟೆ ತುಂಬುತ್ತದೆ ಎಂಬುದು ಒಂದು. ಒಳ್ಳೆ ಮಗಳಾಗಿ, ಒಳ್ಳೆ ಹೆಂಡತಿಯಾಗಿ ಇದ್ದರೆ ಮನೆಯವರು ಕೈಬಿಡುವುದಿಲ್ಲ ಎಂಬುದು ಇನ್ನೊಂದು. ಕೆಲವರಿಗೆ ಎರಡೂ ಮಾತು ಸುಳ್ಳಾಗುತ್ತವೆ. ಕೂಲಿ ಇಲ್ಲ, ಗಂಡ ಬಿಟ್ಟುಹೋದ ಅಥವಾ ಹೊಡೆಯುತ್ತಾನೆ, ತವರಿನ ಬಾಗಿಲು ಮುಚ್ಚಿದೆ. ಅಂಥವಳಿಗೆ ತಪ್ಪುದಾರಿ ಹಿಡಿದರೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಹೊಟ್ಟೆಪಾಡಿಗೆ ಕಳ್ಳಭಟ್ಟಿ ಮಾರಿ ಸಿಕ್ಕಿಬಿದ್ದ ಹೆಂಗಸಿನ ಸುದ್ದಿ ಓದಿದಾಗ ನನಗೆ ಕಾರ್ಲೆನ್ ನೆನಪಾಗುತ್ತಾರೆ.

'ಕೈಗೆ ಬಳೆ ತೊಟ್ಕೋ'

ಇಲ್ಲಿಯವರೆಗೆ ಹೆಂಗಸರು ಯಾಕೆ ಕಮ್ಮಿ ಅಂತ ಕೇಳಿದೆವು. ಗಂಡಸರು ಯಾಕೆ ಇಷ್ಟು ಜಾಸ್ತಿ ಅಂತಲೂ ಕೇಳಬೇಕಲ್ಲ. ಅಮೆರಿಕದ ಜೇಮ್ಸ್ ಮೆಸ್ಸರ್‌ಸ್ಮಿಟ್ 1993ರಲ್ಲಿ ಈ ದಿಕ್ಕಿನಲ್ಲಿ ಯೋಚಿಸಿದರು. ಗಂಡಸುತನ ಅನ್ನುವುದನ್ನು ಗಂಡಸು ದಿನವೂ ತೋರಿಸುತ್ತಲೇ ಇರಬೇಕಾಗುತ್ತದೆ. ಕೆಲಸ, ದುಡ್ಡು, ಓದು ಇದ್ದವನು ಅದರಿಂದ ತೋರಿಸುತ್ತಾನೆ. ಅದು ಯಾವುದೂ ಇಲ್ಲದವನಿಗೆ ಉಳಿಯುವುದು ಮೈಬಲ.

ನಮ್ಮಲ್ಲಿ ಜಗಳದಿಂದ ಹಿಂದೆ ಸರಿದವನಿಗೆ 'ಕೈಗೆ ಬಳೆ ತೊಟ್ಕೊಂಡು ಕೂಡು' ಅನ್ನುತ್ತಾರೆ. ಹದಿನೇಳು ವರ್ಷದ ಹುಡುಗನಿಗೆ ಗೆಳೆಯರ ಮುಂದೆ ಈ ಮಾತು ಬಿದ್ದರೆ ಏನಾಗುತ್ತದೆ ಅಂತ ಓಣಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಹುಡುಗಿ 'ಒಲ್ಲೆ' ಅಂದರೂ ಕೆಲವರ ಕಿವಿಗೆ ಅದು ಬಳೆಯ ಮಾತಾಗಿಯೇ ಬೀಳುತ್ತದೆ. 2024ರ ಎರಡೂ ಕೊಲೆಗಳಲ್ಲಿ ತನಿಖೆ ಮಾಡಿದವರು ಹೇಳಿದ ಕಾರಣ 'ಒಲ್ಲೆ' ಎಂಬ ಆ ಒಂದು ಪದದ ಹತ್ತಿರವೇ ಇತ್ತು.

ಇದರ ಪೆಟ್ಟು ಗಂಡಸರಿಗೂ ಬೀಳುತ್ತದೆ. ಜಗತ್ತಿನಲ್ಲಿ ಕೊಲೆಯಾಗುವವರಲ್ಲಿ ನೂರಕ್ಕೆ 80ರಷ್ಟು ಗಂಡಸರೇ. ಆದರೆ ಜಾಗ ಬೇರೆ. ಗಂಡಸರು ಜಾಸ್ತಿ ಸಾಯುವುದು ಹೊರಗಿನವರ ಕೈಯಲ್ಲಿ. ಕೊಲೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರು. ಗಂಡಸರಲ್ಲಿ ಹಾಗೆ ಸತ್ತವರು ನೂರಕ್ಕೆ ಸುಮಾರು 12.

ಕೋರ್ಟು ಹೆಣ್ಣಿಗೆ ಕನಿಕರ ತೋರಿಸುತ್ತದೆಯೇ?

'ಹೆಂಗಸು ಅಂತ ಬಿಟ್ಟುಬಿಡ್ತಾರ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1950ರಲ್ಲಿ ಓಟೋ ಪೊಲಾಕ್ ಎಂಬವರು ಇದನ್ನೇ ಸಿದ್ಧಾಂತವಾಗಿ ಹೇಳಿದರು. ಹೆಂಗಸರ ಅಪರಾಧ ಮನೆಯ ಮರೆಯಲ್ಲಿ ನಡೆಯುತ್ತದೆ, ಸಿಕ್ಕಿಬಿದ್ದರೂ ಗಂಡಸು ಪೊಲೀಸ್, ಗಂಡಸು ಜಡ್ಜು ಮನಸ್ಸು ಕರಗಿ ಬಿಡುತ್ತಾರೆ ಎಂದು.

ನಮ್ಮ ಕಾನೂನಿನಲ್ಲಿ ಹೆಂಗಸರಿಗೆ ಕೆಲವು ರಕ್ಷಣೆಗಳಿವೆ ಎಂಬುದು ನಿಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅವು ಮುಂದುವರಿದಿವೆ. ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವ ಹಾಗಿಲ್ಲ. ಬಂಧಿಸಲೇಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಮಹಿಳಾ ಅಧಿಕಾರಿಯೇ ಮಾಡಬೇಕು. ಮೈ ತಪಾಸಣೆ ಹೆಂಗಸೇ ಮಾಡಬೇಕು. ದೊಡ್ಡ ಕೇಸಿನಲ್ಲೂ ಹೆಣ್ಣು ಎಂಬ ಕಾರಣಕ್ಕೆ ಜಾಮೀನು ಕೊಡುವ ಅಧಿಕಾರ ಕೋರ್ಟಿಗಿದೆ.

ಆದರೆ ಈ ಕನಿಕರಕ್ಕೆ ಒಂದು ಷರತ್ತು ಇರುತ್ತದೆ ಎಂದು ಮುಂದಿನವರು ತೋರಿಸಿದರು. ತಲೆ ತಗ್ಗಿಸಿ ನಿಂತ, ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡ 'ಒಳ್ಳೆ ಹೆಂಗಸಿಗೆ' ಅದು ಸಿಗುತ್ತದೆ. ಎದುರು ಮಾತಾಡುವವಳಿಗೆ, ಕುಡಿಯುವವಳಿಗೆ, ಗಂಡನನ್ನು ಬಿಟ್ಟವಳಿಗೆ ಸಿಗುವುದಿಲ್ಲ. ಅವಳು ಎರಡು ತಪ್ಪಿಗೆ ಗುರಿಯಾಗುತ್ತಾಳೆ. ಕಾನೂನು ಮುರಿದದ್ದು ಒಂದು, ಹೆಣ್ತನ ಮುರಿದದ್ದು ಇನ್ನೊಂದು.

ದೂರು ಕೊಟ್ಟವಳ ಮೇಲೂ ಈ ಅಳತೆ ಬೀಳುತ್ತದೆ. 2020ರ ಜೂನ್‌ನಲ್ಲಿ ನಮ್ಮದೇ ರಾಜ್ಯದ ಹೈಕೋರ್ಟು ಅತ್ಯಾಚಾರದ ಕೇಸೊಂದರಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಘಟನೆಯ ನಂತರ ಸುಸ್ತಾಗಿ ಮಲಗಿದೆ ಅನ್ನುವುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಅರ್ಥದ ಸಾಲು ಬರೆಯಿತು. ದೊಡ್ಡ ವಿರೋಧ ಬಂತು. ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆದರು. ಇಂಥ ಮಾತುಗಳನ್ನು ತೀರ್ಪಿನಲ್ಲಿ ಹೇಗೆ ತಪ್ಪಿಸಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಕೈಪಿಡಿಯನ್ನೇ ಹೊರತಂದಿತು.

ರಕ್ಷಣೆಯಂತೆ ಕಾಣುವ ಕಾನೂನಿನಲ್ಲಿ ಬೇರೇನೋ ಅಡಗಿರುವುದೂ ಉಂಟು. ಹಳೆಯ ದಂಡ ಸಂಹಿತೆಯ 497ನೇ ಕಲಂ ಪ್ರಕಾರ ವ್ಯಭಿಚಾರಕ್ಕೆ ಶಿಕ್ಷೆ ಗಂಡಸಿಗೆ ಮಾತ್ರ. ಹೆಂಗಸಿಗೆ ಎಷ್ಟು ಅನುಕೂಲ ಅನ್ನಿಸುತ್ತೆ, ಅಲ್ವಾ? ಆದರೆ ಅವಳ ಗಂಡ ಒಪ್ಪಿದ್ದರೆ ಅದು ಅಪರಾಧವೇ ಅಲ್ಲ ಅಂತಲೂ ಅದರಲ್ಲೇ ಇತ್ತು. ಅವಳು ಗಂಡನ ಆಸ್ತಿ, ಕದ್ದವನಿಗೆ ಶಿಕ್ಷೆ ಎಂಬ ಲೆಕ್ಕ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಆ ಕಲಂ ರದ್ದು ಮಾಡಿತು.

ಅತ್ತೆ, ನಾದಿನಿ, ಸೊಸೆ

ಭಾರತದಲ್ಲಿ ಹೆಂಗಸರು ಆರೋಪಿಗಳಾಗುವ ಒಂದು ದಾರಿ ಪಶ್ಚಿಮದ ಸಿದ್ಧಾಂತಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ಸೊಸೆಗೆ ಕಿರುಕುಳ ಕೊಟ್ಟ ಕೇಸು. ಹಳೆಯ ದಂಡ ಸಂಹಿತೆಗೆ 1983ರಲ್ಲಿ ಬಂದ 498ಎ ಕಲಂ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಅಪರಾಧ ಮಾಡಿತು. 2012ರಲ್ಲಿ ಇದರ ಅಡಿ 1,97,762 ಜನರ ಬಂಧನವಾಯಿತು. ಅವರಲ್ಲಿ 47,951 ಹೆಂಗಸರು, ಹೆಚ್ಚುಕಡಿಮೆ ಕಾಲುಭಾಗ. 2014ರಲ್ಲಿ ಸುಪ್ರೀಂ ಕೋರ್ಟು ಈ ಅಂಕಿಯನ್ನೇ ಎತ್ತಿ, ಗಂಡನ ತಾಯಿ-ತಂಗಿಯರನ್ನು ಧಾರಾಳವಾಗಿ ಸೇರಿಸಲಾಗುತ್ತಿದೆ ಎಂದು ಹೇಳಿ, ಬಂಧನ ಸುಮ್ನೆ ಆಗಬಾರದು ಎಂದು ಪೊಲೀಸರಿಗೆ ನಿಯಮ ಹಾಕಿತು.

ಇದನ್ನು ಎರಡು ರೀತಿಯಲ್ಲಿ ಓದುತ್ತಾರೆ. ಸುಳ್ಳು ಕೇಸು ಅಂತ ಕೆಲವರು. ಇನ್ನು ಕೆಲವರು ಸಂಸಾರದಲ್ಲಿ ಅಧಿಕಾರ ಹೇಗೆ ಕೈ ಬದಲಾಯಿಸುತ್ತದೆ ಅಂತ ನೋಡುತ್ತಾರೆ. ಸೊಸೆಯಾಗಿ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಅತ್ತೆಯಾದಾಗ ಸಿಗುವ ಒಂದೇ ಅಧಿಕಾರ ಅಡುಗೆಮನೆಯದು, ಮತ್ತು ಮಗನ ಹೆಂಡತಿಯ ಮೇಲಿನದು. ಎರಡೂ ಮಾತು ಬೇರೆ ಬೇರೆ ಮನೆಯಲ್ಲಿ ನಿಜವಾಗಿರಬಹುದು.

ಜಾಮೀನು ಸಿಕ್ಕಿತು, ಉತಾರ ಸಿಗಲಿಲ್ಲ

ನಮ್ಮ ಓಣಿಯಲ್ಲಿ ವಕೀಲರೊಬ್ಬರಿದ್ದಾರೆ, ಎಲ್ಲರೂ ಅಕ್ಕಾರು ಅಂತ ಕರೆಯುತ್ತೇವೆ. ಈ ಲೇಖನಕ್ಕೆ ಕೂತಾಗ ಅವರನ್ನು ಕೇಳಿದೆ. ಅವರು ಸಿದ್ಧಾಂತ ಹೇಳಲಿಲ್ಲ, ಒಂದು ಕೈಚೀಲದ ಕತೆ ಹೇಳಿದರು.

ಅವರ ಕಕ್ಷಿದಾರ ಹೆಂಗಸಿಗೆ ಜಾಮೀನು ಮಂಜೂರಾಯಿತು. ಜಾಮೀನುದಾರರು ಬೇಕು, ಅವರ ಹೆಸರಲ್ಲಿ ಹೊಲದ ಉತಾರ, ಅಂದರೆ ಪಹಣಿ, ಬೇಕು. ಗಂಡ ಬರಲಿಲ್ಲ. ಅಣ್ಣ 'ನನ್ನ ಹೆಂಡತಿ ಮನೆಯವರು ಏನಂದಾರು' ಅಂದ. ಬಂದದ್ದು ತಾಯಿ. ಬಟ್ಟೆಯ ಚೀಲದೊಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಉತಾರ. ಬಿಚ್ಚಿ ನೋಡಿದರೆ ಅದು ತೀರಿಹೋದ ಗಂಡನ ಹೆಸರಲ್ಲೇ ಇತ್ತು, ವಾರಸಾ ಆಗಿರಲಿಲ್ಲ. 'ಇದು ನಡಿಯೂದಿಲ್ಲವಾ' ಅಂತ ಹೇಳಲು ತಮಗೆ ಬಾಯಿ ಬರಲಿಲ್ಲ ಅಂದರು ಅಕ್ಕಾರು. ಆದೇಶ ಕೈಯಲ್ಲಿದ್ದರೂ ಮಗಳು ಇನ್ನೂ ಎರಡು ತಿಂಗಳು ಒಳಗಿದ್ದಳು.

'ಗಂಡ ಒಳಗ ಹೋದ್ರ ಹೆಂಡತಿ ತಾಳಿ ಒತ್ತಿ ಇಟ್ಟು ಓಡಾಡ್ತಾಳ. ಹೆಂಡತಿ ಒಳಗ ಹೋದ್ರ ಆ ಮನಿಯವರು ಫೋನೂ ಎತ್ತೂದಿಲ್ಲ' ಅಂದರು. ಬಸ್ಸಿನ ಹುಡುಗಿಗೆ ಬಂದ ನಾಲ್ಕು ಫೋನು ನನಗೆ ಆಗ ನೆನಪಾದವು. ತಪ್ಪುದಾರಿಗೆ ಹೋಗದಂತೆ ಹೆಣ್ಣನ್ನು ಹಿಡಿದಿಡುವ ಹಗ್ಗ ಮರ್ಯಾದೆಯದು. ಮರ್ಯಾದೆ ಹೋಯಿತು ಅಂದ ದಿನ ಅದೇ ಮನೆಯವರು ಹಗ್ಗ ಕತ್ತರಿಸಿಬಿಡುತ್ತಾರೆ.

2022ರ ಕೊನೆಗೆ ದೇಶದ ಕೈದಿಗಳಲ್ಲಿ ನೂರಕ್ಕೆ 76 ಮಂದಿ ವಿಚಾರಣಾಧೀನರು. ಅಂದರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ಸಾಬೀತಾಗದವರು. ಅದೇ ಹೊತ್ತಿಗೆ 1,537 ಹೆಂಗಸರ ಜೊತೆ 1,764 ಮಕ್ಕಳೂ ಜೈಲಿನಲ್ಲಿ ಬೆಳೆಯುತ್ತಿದ್ದರು. 2006ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಮಗು ಆರು ವರ್ಷದವರೆಗೆ ತಾಯಿ ಹತ್ತಿರ ಇರಬಹುದು. ಆಮೇಲೆ ತಾಯಿ ಹೇಳಿದ ಸಂಬಂಧಿಕರಿಗೆ, ಯಾರೂ ಇಲ್ಲದಿದ್ದರೆ ಸಂಸ್ಥೆಗೆ ಒಪ್ಪಿಸಬೇಕು.

ಅಕ್ಕಾರು ಒಂದು ಮಾತನ್ನು ಬರೆಯಲೇಬೇಕು ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ಸಹಾಯ ಉಚಿತ. ದೂರು ಕೊಟ್ಟವಳಿಗೂ, ಆರೋಪ ಹೊತ್ತವಳಿಗೂ. 15100ಕ್ಕೆ ಫೋನು ಮಾಡಿದರೆ ಸಾಕು, ಹಣ ಕಟ್ಟಬೇಕಿಲ್ಲ. ಆ ತಾಯಿಗೆ ಇದು ಗೊತ್ತಿರಲಿಲ್ಲ. ಚೀಲದಲ್ಲಿ ಉತಾರದ ಕೆಳಗೆ, ಫೀಸು ಕೊಡಲಿಕ್ಕೆ ಅಂತ, ಕಿವಿಯ ಬೆಂಡೋಲೆ ಕಾಗದದಲ್ಲಿ ಸುತ್ತಿ ತಂದಿದ್ದಳಂತೆ.